ಡೊರೀನಳ ಹೆಲಿಕಾಪ್ಟರ್

ನಮ್ಮ ಕಣಿವೆಯಲ್ಲಿ ಡೊರೀನಳ ಡಬ್ಬಿಗೆ ಕಾಸು ಹಾಕದೆ ಯಾರೂ ಬದುಕುವ ಹಾಗಿಲ್ಲ. ಅಂಚೆ ಕಚೇರಿ, ಪಬ್, ಚರ್ಚು, ಕುರಿ ಹರಾಜು, ಕೊನೆಗೆ ನನ್ನ ಗಂಡನನ್ನು ಮಣ್ಣು ಮಾಡಿದ ದಿನವೂ ಕಿಣಿಕಿಣಿ ಅಂತ ಅಲ್ಲಾಡಿಸಿಕೊಂಡು ಬಂದಿದ್ದಳು ಮಹಾತಾಯಿ. ರೋಗಿಗಳನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಹೆಲಿಕಾಪ್ಟರ್ ಜನರ ದಾನದಿಂದಲೇ ಹಾರಬೇಕಲ್ಲ! ಯಾರ್ಕ್‌ಷೈರಿನ ಹೆಂಗಸರು ಕೇಕು ಮಾರಿ, ಜಾಮು ಮಾರಿ, ಸತ್ತವರ ಕೋಟು ಮಾರಿ ಅದನ್ನು ಹಾರಿಸಬೇಕು. ಹಾರಿಸುತ್ತೇವೆ ಕೂಡ.

ಅಂಥವಳ ಗಂಡ ವಿಲ್ಫ್, ಹೋದ ಏಪ್ರಿಲಿನಲ್ಲಿ, ತಿಂಡಿ ಮುಗಿಸಿ ಈದ ಕುರಿಗಳನ್ನು ನೋಡಲು ನಾಲ್ಕು ಗಾಲಿಯ ಬೈಕಿನಲ್ಲಿ ಗುಡ್ಡ ಹತ್ತಿದ. ಬೈಕು ಮಗುಚಿ ಅವನ ಕಾಲಿನ ಮೇಲೆ ಬಿತ್ತು.

ನಾನು ಐವಿ, ಪಕ್ಕದ ಹೊಲದವಳು. ಮಧ್ಯಾಹ್ನ ನನ್ನ ನಾಯಿ ಅತ್ತ ಓಡಿತೆಂದು ಹಿಂದೆ ಹೋದರೆ ಕಾಣುವುದೇನು? ವಿಲ್ಫ್ ಸುಣ್ಣದ ಹಾಗೆ ಬಿಳಿಚಿಕೊಂಡು ಬೈಕಿನಡಿ ಬಿದ್ದಿದ್ದಾನೆ. ಡೊರೀನ್ ಅವನಿಗೆ ಕಂಬಳಿ ಹೊದಿಸಿ, ಫ್ಲಾಸ್ಕ್ ಇಟ್ಟುಕೊಂಡು ಪಿಕ್ನಿಕ್ಕಿಗೆ ಬಂದವಳಂತೆ ಕೂತಿದ್ದಾಳೆ.

"ಚಹಾ ಕುಡೀತೀಯೇನೇ ಐವಿ?"

"ನಿನ್ನ ಚಹಾ ಹಾಳಾಗ! ಯಾವಾಗ ಬಿದ್ರು?"

"ಬೆಳಿಗ್ಗೇನೇ. ಬೈಕ್ ಎತ್ತೋಕೆ ನನ್ನ ಕೈಲಿ ಆಗ್ಲಿಲ್ಲ."

"ಹೆಲಿಕಾಪ್ಟರ್‌ಗೆ ಫೋನ್ ಮಾಡಿದ್ಯಾ?"

ನಾನೇನೋ ಹೊಲಸು ಮಾತಾಡಿದೆ ಅನ್ನುವ ಹಾಗೆ ಗಂಡಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು.

"ಅದು ನಿಜವಾಗ್ಲೂ ಅಪಾಯದಲ್ಲಿರೋರಿಗೆ ಕಣೇ," ಅಂದಳು ಡೊರೀನ್. "ಎಲ್ಲೋ ಯಾರದೋ ಎದೆ ನಿಂತಿರುತ್ತೆ, ಮಕ್ಕಳಿರ್ತಾವೆ. ಹೇಗೂ ಹಸು ನೋಡೋಕೆ ಪಶುವೈದ್ಯರು ಬರ್ತಾರಲ್ಲ, ಅವರಿಗೇ ಕಾಲೂ ತೋರ್ಸಿದ್ರಾಯ್ತು ಅಂತ ಇವರು."

"ಸುಮ್ನೆ ಗಲಾಟೆ ಯಾಕೆ ಐವಿ," ಅಂದ ವಿಲ್ಫ್. ಹಲ್ಲು ಕಟಕಟ ಅನ್ನುತ್ತಿತ್ತು. ಪ್ಯಾಂಟಿನ ಕೆಳಗೆ ಹುಲ್ಲು ರಕ್ತದಿಂದ ಕಪ್ಪಾಗಿತ್ತು.

ಡೊರೀನ್ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಇಷ್ಟು ವರ್ಷ ಡಬ್ಬಿ ಅಲ್ಲಾಡ್ಸಿದ್ದು ಇದಕ್ಕೇನಾ ಅಂತ ಜನ ಅನ್ನಲ್ವೇನೇ?"

ನನಗೆ ಮೈಯೆಲ್ಲ ಉರಿದುಹೋಯಿತು. "ಗಂಡ ಸತ್ರೆ ಜನ ಏನೂ ಅನ್ನಲ್ಲ ಬಿಡು, ಮಣ್ಣಿಗೆ ಬಂದು ಸ್ಯಾಂಡ್‌ವಿಚ್ ತಿಂದು ಹೋಗ್ತಾರೆ!" ಅಂತ ಕಿರುಚಿ ಅವರ ಮನೆಯ ಕಡೆ ಓಡಿದೆ. ಆ ಗುಡ್ಡದಲ್ಲಿ ಮೊಬೈಲು ಕಿವಿ ಕೆರೆಯುವುದಕ್ಕಷ್ಟೇ ಆಗುವುದು. ಹಿಂದಿನಿಂದ ಅವಳ ದನಿ ಕೇಳಿಸಿತು: "ಅಂಥ ಅವಸರವೇನಿಲ್ಲ ಅಂತ ಹೇಳೇ!"

ಹೇಳಲಿಲ್ಲ. ಫೋನಿನಲ್ಲಿ, ಮನುಷ್ಯ ಸಾಯುತ್ತಿದ್ದಾನೆ ಅಂದೆ. ಏದುಸಿರು ಬಿಡುತ್ತ ಮತ್ತೆ ಗುಡ್ಡ ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ, ಅಷ್ಟರಲ್ಲೇ ಆಕಾಶದಲ್ಲಿ ಸದ್ದಾಯಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಕೆಂಪು ಬಟ್ಟೆಯ ಮೂವರು ಇಳಿದು ಬಂದರು, ಅವರಲ್ಲೊಬ್ಬಳು ಡಾಕ್ಟರು. ನನ್ನ ಮೊಮ್ಮಗಳ ವಯಸ್ಸಿರಬೇಕು. ವಿಲ್ಫನ ತೋಳಿಗೆ ಸೂಜಿ ಚುಚ್ಚಿದಳು, ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿದಳು. ಆಮೇಲೆ ಎಲ್ಲರೂ ಸೇರಿ ಬೈಕು ಎತ್ತಿದೆವು.

ಡೊರೀನ್ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. "ಕ್ಷಮಿಸಮ್ಮಾ, ನಿಮಗೆ ತೊಂದರೆ ಕೊಟ್ವಿ. ಬೆಳಿಗ್ಗೆಯಿಂದ ಎಷ್ಟು ಕೆಲಸ ಇತ್ತೋ ಏನೋ."

ಡಾಕ್ಟರು ತಲೆ ಎತ್ತದೆ ಹೇಳಿದಳು. "ಇವತ್ತು ಒಂದು ಕರೇನೂ ಬಂದಿರ್ಲಿಲ್ಲ. ಇಸ್ಪೀಟ್ ಆಡ್ತಾ ಕೂತಿದ್ವಿ."

ಡೊರೀನ್ ಬಗ್ಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದಳು.

ಜೀವ ಉಳಿಯಿತು. ಕಾಲು ಉಳಿಯಲಿಲ್ಲ, ಮೊಣಕಾಲಿನ ಕೆಳಗೆ ತೆಗೆದರು. ಬೆಳಿಗ್ಗೆಯೇ ತಂದಿದ್ದರೆ ಉಳಿಸಬಹುದಿತ್ತು ಅಂತ ದೊಡ್ಡ ಡಾಕ್ಟರು ಬಹಳ ಸಭ್ಯವಾಗಿ ಹೇಳಿದರು. ಅವರೂ ಈ ಕಡೆಯವರೇ.

ಮಾರನೆಯ ದಿನ ವಾರ್ಡಿನಲ್ಲಿ ವಿಲ್ಫ್ ಕಣ್ಣು ಬಿಟ್ಟು ಆಡಿದ ಮೊದಲ ಮಾತು: "ಪಾಪ ಆ ಹೆಲಿಕಾಪ್ಟರಿನ ಮಕ್ಕಳು, ನನಗೋಸ್ಕರ ಅಷ್ಟು ದೂರ ಬರಬೇಕಾಯ್ತು."

ಆಗ ನೋಡಿ, ಡಬ್ಬಿ ಕೈಯಲ್ಲಿಲ್ಲದಾಗ ಚರ್ಚಿನಲ್ಲಿ ಕೆಮ್ಮಲೂ ಹಿಂಜರಿಯುವ ಡೊರೀನ್ ಎದ್ದು ನಿಂತು ಇಡೀ ವಾರ್ಡು ನಡುಗುವಂತೆ ಕೂಗಿದಳು. "ಮುಚ್ರೀ ಬಾಯಿ! ಇಸ್ಪೀಟ್ ಆಡ್ತಿದ್ರಂತೆ ಕಣ್ರೀ ಅವರು! ನಾವು ಕೊಡ್ಸಿದ ಹೆಲಿಕಾಪ್ಟರ್ ಅಲ್ಲಿ ಸುಮ್ನೆ ನಿಂತಿತ್ತು, ನಿಮ್ಮ ಕಾಲು ಹೋಗ್ತಾ ಇತ್ತು, ನಾನು ಚಹಾ ಬಗ್ಗಿಸ್ತಾ ಕೂತಿದ್ದೆ!" ಕೂಗಿ ಕೂಗಿ, ಅವನ ಹಾಸಿಗೆಯ ಮೇಲೆ ಬಿದ್ದು ಗೊಳೋ ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ.

ನರ್ಸು ಓಡಿ ಬಂದಳು. ವಿಲ್ಫ್ ಒಂದು ಕೈಯಿಂದ ಹೆಂಡತಿಯ ತಲೆ ಸವರುತ್ತ, ಬೇರೆಯವರಿಗೆ ತೊಂದರೆಯಾಯಿತೆಂದು ನರ್ಸಿನ ಕ್ಷಮೆ ಕೇಳಿದ.