ಎರಡನೆಯ ಪ್ರಶ್ನೆ

ತಮ್ಮನ ಸೆಟೆದ ತೋಳನ್ನು ಅಂಗಿಯೊಳಗೆ ತೂರಿಸಲಾಗದೆ ಅಣ್ಣ ಸೋತು ನಿಂತ. ಶವಾಗಾರದ ನೌಕರ ಬಂದು ಇನ್ನೊಂದು ಕಡೆಯಿಂದ ಎಳೆದುಕೊಟ್ಟ.

ಹೊರಗೆ ನೆರೆಮನೆಯಾಕೆ ಅಣ್ಣನ ಮಗಳ ಬೆನ್ನು ಸವರುತ್ತಿದ್ದಳು. "ಪರದೇಶದಿಂದ ಬಂದಿಳಿದೋನು ಮನೆ ಬಾಗಿಲು ಮುಟ್ಲಿಲ್ವಲ್ಲೇ."

ಪರದೇಶದ ಕತೆ ಕಟ್ಟಿದವನು ಅಣ್ಣನೇ. ತಮ್ಮ ಎದೆನೋವಿನಿಂದ ಸತ್ತದ್ದು ಜೈಲಿನಲ್ಲಿ, ಇನ್ನೇನು ಬಿಡುಗಡೆ ಎನ್ನುವಾಗ.

ಅಷ್ಟರಲ್ಲಿ ಕಟ್ಟಡದ ನಕ್ಷೆ ಬರೆಯುವ ಆಫೀಸಿನ ಒಡತಿ ಬಂದರು. "ನಿಮ್ಮ ತಮ್ಮ ನಮ್ಮಲ್ಲೇ ಕೆಲಸ ಮಾಡ್ತಿದ್ರು."

ಅಣ್ಣ ಅವರನ್ನು ಪಕ್ಕಕ್ಕೆ ಕರೆದ. "ದಮ್ಮಯ್ಯ ಮೇಡಂ, ಜೈಲಿನ ಮಾತು ಎತ್ತಬೇಡಿ."

"ನಾನಾಗಿ ಎತ್ತಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ."

*

ತಮ್ಮ ನಕ್ಷೆ ಕಲಿತದ್ದು ಜೈಲಿನ ಕಾಲೇಜಿನಲ್ಲಿ. ಪದವಿ ಬಂದ ಮೇಲೆ ಅಲ್ಲಿನ ಮೇಷ್ಟ್ರು ಅವನಿಗಾಗಿ ಆಫೀಸಿನಿಂದ ಆಫೀಸಿಗೆ ಅಲೆದರು. ಕಂಪ್ಯೂಟರ್ ಪರದೆಯಲ್ಲಿ ಅವನನ್ನು ಮಾತಾಡಿಸಿದ ಮೂರ್ನಾಲ್ಕು ಮಂದಿಯಲ್ಲಿ ಕೊನೆಯವರು ಈ ಮೇಡಂ.

"ಯಾಕೆ ಒಳಗಿದ್ದೀರಿ?"

"ಕುಡಿದು ಲಾರಿ ಓಡಿಸ್ದೆ. ಒಬ್ರು ಸತ್ರು."

ಮೇಡಂ ಅವನು ಬರೆದ ನಕ್ಷೆಯೊಂದನ್ನು ಪರದೆಗೆ ತಂದರು. "ಸರಿ. ಈ ನಕ್ಷೇಲಿ ನೀರಿನ ಪೈಪು ಯಾಕೆ ಸುತ್ತಿ ಬಳಸಿ ಹೋಗಿದೆ?"

ಲಾರಿಯ ವಿಷಯ ಕೇಳಿದ ಮೇಲೆ ಅದುವರೆಗೆ ಯಾರೂ ಅವನಿಗೆ ಎರಡನೆಯ ಪ್ರಶ್ನೆ ಹಾಕಿದ್ದಿಲ್ಲ. ಅವನು ಪರದೆಯ ಹತ್ತಿರ ಸರಿದು ವಿವರಿಸತೊಡಗಿದ.

ಕೆಲಸ ಸಿಕ್ಕಿದಾಗ ಮನೆಗೆ ಫೋನ್ ಮಾಡಿದ. "ಅಣ್ಣಾ, ಆಫೀಸು ಕೆಲಸ! ಇಲ್ಲಿನ ಕಂಪ್ಯೂಟರಲ್ಲೇ ಮಾಡ್ಬಹುದಂತೆ."

"ಕಂಬಿ ಹಿಂದೆ ಎಂಥಾ ಆಫೀಸೋ! ಇಲ್ಲಿ ಹುಡುಗಿ ಮದುವೆ ಮಾತು ನಡೀತಿದೆ. ಇನ್ಮೇಲೆ ಫೋನ್ ಮಾಡ್ಬೇಡ."

ಅವನು ಮತ್ತೆ ಮಾಡಲಿಲ್ಲ.

*

ಮಣ್ಣು ಮುಗಿಸಿ ಜನ ಚದುರಿದರು. ಮಗಳು ಮೇಡಂ ಹತ್ತಿರ ಬಂದಳು.

"ಚಿಕ್ಕಪ್ಪ ಯಾವ ದೇಶದಲ್ಲಿದ್ರು?"

ಮೇಡಂ ಅಣ್ಣನ ಮುಖ ನೋಡಿದರು. ಆ ಸುಳ್ಳನ್ನು ಹೊತ್ತು ಹೊತ್ತು ಅವನಿಗೂ ಸಾಕಾಗಿತ್ತು.

"ಜೈಲಲ್ಲಿದ್ದ ಕಣಮ್ಮ. ಅಲ್ಲಿಂದಲೇ ಇವರ ಕೆಲಸ ಮಾಡ್ತಿದ್ದ."

ಮಗಳು ಅಪ್ಪನ ಕಡೆ ತಿರುಗಿ, "ಗೊತ್ತಿದ್ರೆ ಹೋಗಿ ನೋಡ್ಕೊಂಡು ಬರ್ತಿದ್ನಲ್ಲಪ್ಪ," ಅಂದಳು.

ಸಂಜೆ ಅಪ್ಪ ಮಗಳು ಇಬ್ಬರೂ ಆಫೀಸಿಗೆ ಹೋದರು. ಮೇಡಂ ಕಿಟಕಿಯ ಪಕ್ಕದ ಮೇಜೊಂದನ್ನು ತೋರಿಸಿದರು. "ಬಿಡುಗಡೆ ಆದ ಕೂಡಲೇ ಇಲ್ಲಿಗೇ ಬರೋರಿದ್ರು. ಕಿಟಕಿ ಬೇಕು ಅಂತ ಅವರೇ ಕೇಳಿದ್ದು."

ಕುರ್ಚಿ ಹೊಸದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.