ಹೊರೆ ಇಳಿಸುವ ಕಂಬ

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳಂತೆ. ತಲೆಯ ಮೇಲೊಂದು ಹೊರೆ, ಕಾಲ ಕೆಳಗೊಂದು ದಾರಿ, ಅವಳಿಗಿದ್ದದ್ದು ಅಷ್ಟೇ. ಹೊರೆ ಇಳಿಸಬೇಕಾದರೆ ಇನ್ನೊಬ್ಬರ ಕೈ ಬೇಕು. ದಾರಿಯಲ್ಲಿ ಕೈಗಳೇನೋ ಬಹಳ ಸಿಕ್ಕವು, ಎಲ್ಲವೂ ತುಂಬಿದ ಕೈಗಳು. ನಡೆದಳು, ನಡೆದಳು, ಏಳು ಹಗಲು ನಡೆದಳು. ಎಂಟನೆಯ ಸಂಜೆ ಒಂದು ಕಂಬದ ಹತ್ತಿರ ಬಂದು ನಿಂತಳು. ಮುಂದೇನಾಯಿತು ಎಂದು ಕೇಳಿದರೆ ಜಟ್ಟೆಪ್ಪ ಬೀಡಿ ಹಚ್ಚಿಕೊಂಡು, "ಮುಂದಿಂದು ನಾಳಿಗಿ," ಎನ್ನುತ್ತಿದ್ದ.

ಆ ಜಟ್ಟೆಪ್ಪನ ಬಲಗೈ ಈಗ ಮಗಳ ತೊಡೆಯ ಮೇಲಿತ್ತು. ಮಲ್ಲಿಕಾ ಸೀಮೆಎಣ್ಣೆಯ ಬಟ್ಟೆಯಿಂದ ಅವನ ಉಗುರುಸಂದಿಯ ಹಳದಿ ಬಣ್ಣವನ್ನು ಉಜ್ಜುತ್ತಿದ್ದಳು. ಹೆಬ್ಬೆರಳು ಮುಗಿಯಿತು, ತೋರುಬೆರಳು ಮುಗಿಯಿತು, ಬಣ್ಣ ಮಾತ್ರ ಇದ್ದಲ್ಲೇ ಇತ್ತು. ಅವಳ ಕಣ್ಣು ಬೆರಳಿನಿಂದ ಗಡಿಯಾರಕ್ಕೆ, ಗಡಿಯಾರದಿಂದ ಮಂಚದ ಕೆಳಗಿನ ಚೀಲಕ್ಕೆ ಓಡುತ್ತಿತ್ತು. ಒಂಬತ್ತೂ ಹತ್ತು.

"ಸಾಕ್ ಬಿಡವ್ವಾ," ಎಂದಳು ತಾಯಿ ಚಂದವ್ವ, ಗೋಡೆಗೆ ಒರಗಿದವಳು ಕಣ್ಣು ತೆರೆಯದೆ. "ಇಪ್ಪತ್ತ ವರ್ಸ ನಾ ತಿಕ್ಕೀನಿ. ಅದು ಹೋಗೂ ಬಣ್ಣಲ್ಲ."

ವಿಠ್ಠಲವಾಡಿಯ ಚಾಳಿನ ಆ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಕೆಮ್ಮಿ ಕೆಮ್ಮಿ, ಜಟ್ಟೆಪ್ಪ ಅಂದು ಬೆಳಗಿನ ಜಾವ ಸುಮ್ಮನಾಗಿದ್ದ. ಗಂಡುಮಕ್ಕಳಿಲ್ಲದ ಮನೆ. ಬೆಂಕಿ ಕೊಡಬೇಕಾದ ತಮ್ಮ ಅಂಬರೀಶ ಪುಣೆಯಿಂದ ಹೊರಟಿದ್ದ, ಅವನ ರೈಲು ಘಾಟಿನಲ್ಲಿ ಎಲ್ಲೋ ನಿಂತಿತ್ತು.

ಪಕ್ಕದ ಕೋಣೆಯ ರತ್ನಾವತಿ ಥರ್ಮಾಸ್ ಹಿಡಿದು ಕುಂಟುತ್ತ ಬಂದಳು. ಉಡುಪಿ ಕಡೆಯವಳು, ಗಂಡನದು ಕಲ್ಯಾಣ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಹೋದ ವರ್ಷ ಗಲ್ಲಿಯ ತಿರುವಿನ ಕತ್ತಲೆಯಲ್ಲಿ ಮೋರಿಗೆ ಕಾಲು ಹಾಕಿ ಬಿದ್ದಂದಿನಿಂದ ಅವಳ ನಡಿಗೆ ಹೀಗೆ.

"ಒಂದು ಗುಟುಕು ಚಾ ಕುಡಿ ಮಾರಾಯ್ತಿ, ಬೆಳಿಗ್ಗೆಯಿಂದ ಎಂತದೂ ಮುಟ್ಟಲಿಲ್ಲ ನೀನು." ಲೋಟ ಕೈಗಿಟ್ಟು ಅವಳು ಹೆಣದ ಮುಖ ನೋಡಿದಳು. "ಪುಣ್ಯಾತ್ಮ. ಇವರು ನಂಬರ್ ಹಾಕಿದ ಕಂಬಕ್ಕೆಲ್ಲ ಎಲ್‌ಇಡಿ ಬಂತು. ನಮ್ಮ ತಿರುವಿನ ಕಂಬ ಒಂದು ಎಂತ ಪಾಪ ಮಾಡಿತ್ತೋ."

"ಪಾಪ ಕಂಬದ್ದಲ್ರೀ ಅಕ್ಕಾರ," ಎಂದು ಬಾಗಿಲಾಚೆಯಿಂದ ಯಂಕಣ್ಣ ಕೂಗಿದ. ರಾಯಚೂರಿನ ಹಮಾಲ, ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ. "ಮುನಸಿಪಾಲ್ಟಿನ ಕೇಳಿದ್ರ ಕಂಪನಿ ಅಂತಾರ, ಕಂಪನಿನ ಕೇಳಿದ್ರ ಮುನಸಿಪಾಲ್ಟಿ ಅಂತಾರ. ಇವತ್ತ ನಾಲ್ಕಕ್ಕ ಇಬ್ಬರೂ ಕೂಡೇ ಬರ್ತಾರಂತ, ಉಳದ ಕಂಬದ ಕಡೀ ಲಿಸ್ಟ್ ಮಾಡಾಕ. ಇವತ್ತ ತಪ್ಪಿದ್ರ ನಮ್ಮ ಗಲ್ಲಿಗಿ ಕತ್ತಲಾನs ಗತಿ. ಮದಲ ಈ ತಪ್ಪ ಮಾಡಿದಂವನ ಕೈ ಸೇದಿ ಹೋಗ್ಲಿ!"

ಮಲ್ಲಿಕಾಳ ತೊಡೆಯ ಮೇಲಿನ ಕೈ ಒಮ್ಮೆಲೇ ಭಾರವಾಯಿತು. ಅವಳು ಅದರ ಮೇಲೆ ಸೆರಗು ಎಳೆದಳು.

*

ಜಟ್ಟೆಪ್ಪನ ಕೆಲಸ ನಂಬರು ಹಾಕುವುದು. ಮೊದಲು ಕಾರ್ಖಾನೆಯ ಡ್ರಮ್ಮುಗಳ ಮೇಲೆ. ಆಮೇಲೆ ನಗರಪಾಲಿಕೆಯೂ ಒಂದು ಕಂಪನಿಯೂ ಕೂಡಿ ಬೀದಿಯ ಹಳೆಯ ಹಳದಿ ದೀಪಗಳನ್ನೆಲ್ಲ ಇಳಿಸಿ ಕರೆಂಟು ಉಳಿಸುವ ಎಲ್‌ಇಡಿ ಹಾಕಲು ಹೊರಟಾಗ, ಕಂಬಗಳ ಮೇಲೆ. ಕಂಬಕ್ಕೊಂದು ಹಳದಿ ಪಟ್ಟಿ, ಅದರ ಮೇಲೆ ಅಂಕೆ ಕೊರೆದ ತಗಡು ಇಟ್ಟು ಕರಿ ಬಣ್ಣದ ಸ್ಪಂಜು ಒತ್ತುವುದು. ನಂಬರಿದ್ದರೆ ಲಿಸ್ಟಿನಲ್ಲಿ ಕಂಬ, ಲಿಸ್ಟಿನಲ್ಲಿದ್ದರೆ ದೀಪ.

"ಅಂಕಿ ಓದಾಕ ಬರ್ತಾವಲ್ಲ?" ಎಂದು ಗುತ್ತಿಗೆದಾರ ಕೇಳಿದಾಗ "ಬರ್ತಾವ್ರೀ" ಎಂದಿದ್ದ. ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಕತೆ. ಒಂದು ಅಂದರೆ ನೆಟ್ಟಗೆ ನಿಂತ ಗಂಡಸು. ಎರಡು ಬಾತುಕೋಳಿ. ನಾಲ್ಕು ತಲೆಕೆಳಗಾದ ಕುರ್ಚಿ. ಒಂಬತ್ತು ಹೊರೆ ಹೊತ್ತು ನಿಂತವಳು. ಆರು, ಹೊರೆ ಇಳಿಸಿ ಕೂತವಳು. ಚೀಟಿಯಲ್ಲಿದ್ದ ಚಿತ್ರಕ್ಕೆ ತಗಡಿನ ಚಿತ್ರ ಜೋಡಿಸುತ್ತ ಹೋಗುತ್ತಿದ್ದ.

ಕಷ್ಟ ಒಂದೇ. ಆರಕ್ಕೂ ಒಂಬತ್ತಕ್ಕೂ ತಗಡು ಒಂದೇ, ತಿರುಗಿಸಿ ಇಡಬೇಕು. ಅದಕ್ಕೆ ಉಪಾಯ ಹೂಡಿದವಳು ನಾಲ್ಕನೆಯ ಇಯತ್ತೆಯ ಮಲ್ಲಿಕಾ. ತನ್ನ ಉಗುರುಬಣ್ಣದಿಂದ ತಗಡಿನ ಒಂದು ತುದಿಗೆ ಕೆಂಪು ಬೊಟ್ಟಿಟ್ಟಳು.

"ಬೊಟ್ಟ ಮ್ಯಾಲಿದ್ರ ಒಂಬತ್ತು, ಕೆಳಗಿದ್ರ ಆರು. ತಿಳೀತೇನಪಾ?"

"ತಿಳೀತ್ರಿ ಮೇಡಮ್," ಎಂದು ಅವನು ಕೈಕಟ್ಟಿ ನಿಂತಿದ್ದ.

ತಿಂಗಳಿಗೊಮ್ಮೆ ಬೊಟ್ಟು ಅಳಿಸುತ್ತಿತ್ತು, ಅವಳು ತಿಂಗಳಿಗೊಮ್ಮೆ ಹಚ್ಚುತ್ತಿದ್ದಳು. ಡೊಂಬಿವಲಿಯ ಆಫೀಸಿನಲ್ಲಿ ಕೆಲಸ ಸಿಕ್ಕಮೇಲೆ ಲೋಕಲ್ ಹಿಡಿಯುವ ಗಡಿಬಿಡಿ. ಆ ಒಂದು ತಿಂಗಳು ಅಪ್ಪ ಎರಡು ಸಲ ತಗಡು ಹಿಡಿದುಕೊಂಡು ಬಂದ. ಎರಡು ಸಲವೂ ಅವಳು, "ನಾಳಿಗಿ ಹಚ್ತೀನಪಾ," ಎಂದಳು. ನಾಳೆ ಅನ್ನುವುದನ್ನು ಅವಳು ಕಲಿತದ್ದೂ ಅವನಿಂದಲೇ.

*

"ಹೂವು ತರ್ತೀನಿ," ಎಂದು ಮಲ್ಲಿಕಾ ಚೀಲ ಎತ್ತಿಕೊಂಡಳು.

"ಯಂಕಣ್ಣ ತಂದಾನಲ್ಲ," ಎಂದಳು ಚಂದವ್ವ.

"ಸಾಲೂದಿಲ್ಲವ್ವಾ."

ತಿರುವಿನವರೆಗೆ ಅವಳು ನಡೆಯಲಿಲ್ಲ, ಓಡಿದಳು. ಕಂಬ ಯಾವಾಗಲೂ ಇದ್ದಂತೆಯೇ ಇತ್ತು. ಮೇಲೆ ಸುಟ್ಟುಹೋದ ಹಳೆಯ ದೀಪ, ಎದೆಯೆತ್ತರದಲ್ಲಿ ಹಳದಿ ಪಟ್ಟಿ, ಪಟ್ಟಿಯ ಮೇಲೆ 499. ಇರಬೇಕಾದದ್ದು 496. ಅತ್ತಿತ್ತ ನೋಡಿ, ಚೀಲದೊಳಗಿನ ಬಣ್ಣದ ಡಬ್ಬಿ ಬಿಚ್ಚಿ, ಕೊನೆಯ ಒಂಬತ್ತರ ಮೇಲೆ ಹಳದಿ ಬಳಿದಳು. ಒಂದು ಸಲ ಬಳಿದರೆ ಕರಿ ಇಣುಕುತ್ತಿತ್ತು. ಎರಡನೆಯ ಸಲ ಬಳಿದಳು. ಇನ್ನು ಹಳದಿ ಒಣಗದೆ ಅದರ ಮೇಲೆ ಕರಿ ನಿಲ್ಲುವುದಿಲ್ಲ. ಜನವರಿಯ ಬಿಸಿಲಿಗೂ ಐದು ತಾಸಾದರೂ ಬೇಕು. ಹತ್ತಾಗಿತ್ತು. ಬೆರಳು ಮಡಚಿ ಎಣಿಸಿದಳು, ಮೂರು. ನಾಲ್ಕರೊಳಗೆ ಇನ್ನೊಮ್ಮೆ ಬರಬೇಕು. ಹೆಣವಿರುವ ಮನೆಯ ಮಗಳು ಎಷ್ಟು ಸಲ ಹೂವು ತರಲು ಹೋದಾಳು?

ಹೊಸಿಲು ದಾಟಿದಾಗಲೇ ಅವಳಿಗೆ ಹೊಳೆದದ್ದು, ಹೂವನ್ನೇ ತಂದಿಲ್ಲ.

"ಹೂವು?" ಎಂದಳು ಚಂದವ್ವ.

"ಮುಗದಿದ್ವು."

ಚಂದವ್ವ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. ಹೆಬ್ಬೆರಳಿನ ಮೇಲೆ ಹಸಿ ಹಳದಿ. ಅದೇ ಸೀಮೆಎಣ್ಣೆಯ ಬಟ್ಟೆ ತೆಗೆದು ಸಾವಕಾಶವಾಗಿ ಉಜ್ಜಿದಳು. ಇದು ಹೋಯಿತು.

*

ಎಲ್ಲ ಕಂಬಗಳಿಗೂ ಬೆಳ್ಳನೆಯ ಬೆಳಕು ಬಂದು ತಿರುವಿನದಕ್ಕೆ ಮಾತ್ರ ಬರದಿದ್ದಾಗ ಗಲ್ಲಿಯವರು ದೂರು ಕೊಟ್ಟರು: 499ರ ಕಂಬದಲ್ಲಿ ದೀಪವಿಲ್ಲ. ಉತ್ತರ ಬಂತು: 499ರಲ್ಲಿ ದೀಪ ಉರಿಯುತ್ತಿದೆ, ದೂರು ಮುಗಿಯಿತು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಜಟ್ಟೆಪ್ಪ ಮಗಳನ್ನು ಕರೆದುಕೊಂಡು ಆಫೀಸಿಗೇ ಹೋದ. ಕಂಪನಿಯ ಇಂಜಿನಿಯರ್ ರಂಜನ್ ಇಲ್ಲೇ ಹತ್ತಿರದ ಕೋಪರಿಯಲ್ಲಿ ಹುಟ್ಟಿದವನು, ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಕನ್ನಡ ಕೇಳಿದರೆ ಮೂರನ್ನೂ ಕಲಸುವವನು.

"ದೇಖೋ ಅಂಕಲ್," ಎಂದು ಲ್ಯಾಪ್‌ಟಾಪ್ ತಿರುಗಿಸಿದ. "ಫೋರ್ ನೈಂಟಿನೈನ್ ಚಾಲೂ ಹೈ, ಮೇನ್ ರೋಡಲ್ಲಿ ಉಂಟು. ನಮಗೆ ಸಿಗದ್ದು ಫೋರ್ ನೈಂಟಿಸಿಕ್ಸ್. ವೋ ಕಂಬ ಹೈ ಹೀ ನಹೀ."

ಮಲ್ಲಿಕಾಳಿಗೆ ಅಲ್ಲೇ ತಿಳಿಯಿತು. ಮೇನ್ ರೋಡಿನ 499 ನಿಜವಾದದ್ದು. ತಿರುವಿನದು, ಅಳಿಸಿದ ಬೊಟ್ಟಿನ ತಗಡನ್ನು ತಿರುಗಿಸಲು ಮರೆತ ಒಂದು ಮುಸ್ಸಂಜೆ. ಅವಳು ಅಪ್ಪನನ್ನು ನೋಡಿದಳು. ಅವನು ಪರದೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದ. ಮೆಟ್ಟಿಲ ಮೇಲೆ ಬಂದಾಗ ಕೇಳಿದ:

"ಮಲ್ಲೀ, ಅಕಿ ಹೊರಿ ಹೊತ್ಕೊಂಡs ನಿಂತಾಳಲ್ಲ?"

"ಹೂಂ ಅಪಾ."

"ಯಾರ್ ಮುಂದೂ ಅನಬ್ಯಾಡವ್ವಾ. ಇಂವಗ ಓದಾಕ ಬರೂದಿಲ್ಲ ಅಂತ ತಿಳದ್ರ, ಹಾಕಿದ ಕಂಬ ಎಲ್ಲಾ ಸುಳ್ಳ ಅಂತಾರ."

ಲಿಸ್ಟು ಮುಚ್ಚಿದ ಮೇಲೆ ನಂಬರು ಮುಟ್ಟಿದರೆ ಕೆಲಸ ಹೋಗುತ್ತದೆಂದು ಗುತ್ತಿಗೆದಾರ ಮೊದಲೇ ಹೆದರಿಸಿದ್ದ. ಇವತ್ತು ನಾಳೆ ಅನ್ನುವುದರಲ್ಲಿ ರತ್ನಾವತಿ ಅಲ್ಲೇ ಬಿದ್ದಳು. ಅವಳ ಕಾಲಿನ ಪಟ್ಟಿ ಬಿಚ್ಚುವತನಕ ಜಟ್ಟೆಪ್ಪ ದಿನಾ ಬೆಳಿಗ್ಗೆ ಎರಡು ಕೊಡ ನೀರು ತುಂಬಿ ಅವಳ ಬಾಗಿಲಲ್ಲಿಟ್ಟು, ಮಾತಾಡದೆ ಬರುತ್ತಿದ್ದ. ಇಂಥ ನೆರೆಯವರು ಎಲ್ಲಿ ಸಿಗುತ್ತಾರೆಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಕೆಮ್ಮು ಅವನನ್ನು ಮಂಚಕ್ಕೆ ಕಟ್ಟಿತು.

ನಿನ್ನೆ ಸಂಜೆ ಅವನು ದಿಂಬಿನ ಕೆಳಗಿನಿಂದ ತಗಡು ತೆಗೆದು ಮಗಳ ಕೈಗಿಟ್ಟಿದ್ದ. "ನಾಳಿ ನಾಲ್ಕಕ್ಕ ಬರ್ತಾರಂತ. ಅಷ್ಟರೊಳಗ ಅಕಿ ಹೊರಿ ಇಳಸು. ಮತ್ತ ನಾಳಿಗಿ ಅನಬ್ಯಾಡ."

"ಇಳಸ್ತೀನಪಾ. ನಿನ್ನಾಣಿ."

*

ಒಂದಾಯಿತು, ಎರಡಾಯಿತು. ಅಂಬರೀಶನ ಫೋನು ಒಮ್ಮೆ ಬಂತು: "ಕರ್ಜತ್‌ನ್ಯಾಗ ನಿಂತೇವಿ." ಮಲ್ಲಿಕಾ ಎದ್ದಳು, ಕೂತಳು, ಬಾಗಿಲಿಗೆ ಹೋದಳು, ಬಂದಳು. ಕೂರಲಾಗದೆ ಮಂಚದ ಬದಿಗೆ ಸರಿದು, ಚೀಲದೊಳಗೇ ಕೈಯಾಡಿಸಿ ತಗಡಿನ ತುದಿಗೆ ಉಗುರುಬಣ್ಣದ ಬೊಟ್ಟಿಟ್ಟಳು.

"ಎಂತ ವಾಸನೆ ಮಾರಾಯ್ತಿ ಇದು?" ಎಂದು ರತ್ನಾವತಿ ಮೂಗರಳಿಸಿದಳು. "ನೈಲ್ ಪಾಲೀಶಿನದ್ದಲ್ವಾ?"

"ಸೀಮಿಎಣ್ಣೀದು," ಎಂದಳು ಚಂದವ್ವ. ಅವಳ ಕಣ್ಣು ಈಗಲೂ ಮುಚ್ಚಿತ್ತು.

ಅಂಬರೀಶ ಬಂದು ಅಣ್ಣನ ಕಾಲ ಮೇಲೆ ಬಿದ್ದಾಗ ಮೂರೂ ಇಪ್ಪತ್ತು. ಚಟ್ಟ ಎದ್ದಾಗ ಮೂರೂವರೆ ದಾಟಿತ್ತು. ನಡುದಾರಿಯಲ್ಲಿ ಚಟ್ಟ ಇಳಿಸಿ, ತಲೆ ಕಾಲಿನ ದಿಕ್ಕು ತಿರುಗಿಸಿ ಮತ್ತೆ ಎತ್ತುವ ಜಾಗಕ್ಕೆ ಇಲ್ಲಿಯವರು ವಿಸಾವಾ ಅನ್ನುತ್ತಾರೆ. ಹೆಂಗಸರು ಅಲ್ಲಿಯವರೆಗೆ ಬಂದು ಹಿಂದಿರುಗಬೇಕು. ಈ ಗಲ್ಲಿಯವರ ವಿಸಾವಾ ಮೇನ್ ರೋಡಿನಾಚೆಯ ಅರಳಿಮರ. ಕಂಬ ಅದಕ್ಕಿಂತ ಬಹಳ ಈಚೆ. ಸೆರಗಿನೊಳಗೆ ಚೀಲ ಒತ್ತಿಕೊಂಡ ಮಲ್ಲಿಕಾ ಯೋಚಿಸುತ್ತಲೇ ನಡೆದಳು. ಮರದವರೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಹೊಡೆದಿರುತ್ತದೆ. ನಡುವೆ ನಿಂತರೆ ಎಲ್ಲರ ಕಣ್ಣೂ ತನ್ನ ಮೇಲೆ.

ತಿರುವಿಗೆ ಬಂದು ಕತ್ತೆತ್ತಿದಳು. ರಂಜನ್ ಆಗಲೇ ಬಂದು ಕಂಬದ ಮುಂದೆ ನಿಂತಿದ್ದ, ಪಕ್ಕದಲ್ಲಿ ಲಿಸ್ಟು ಹಿಡಿದ ನಗರಪಾಲಿಕೆಯ ಸಾಹೇಬರು. ಕಂಬದ ಮೇಲೆ 49, ಅದರ ಮುಂದೆ ಬರೀ ಹಳದಿ.

"ನಂಬರ್ ಆಧಾ ಹೈ ಸರ್," ಎನ್ನುತ್ತಿದ್ದ ರಂಜನ್. "ಲಿಸ್ಟಲ್ಲಿ ಹೇಗೆ ಹಾಕುವುದು? ಛೋಡ್ ದೇತೇ ಹೈ, ಬಿಟ್ಟುಬಿಡುವ."

ಹೆಣ ಬಂದದ್ದು ಕಂಡು ಇಬ್ಬರೂ ಗೋಡೆಗೆ ಸರಿದರು. ಆಗ ಚಂದವ್ವ ಕಂಬದ ಬುಡದಲ್ಲಿ ಕುಸಿದಂತೆ ಕೂತುಬಿಟ್ಟಳು.

"ಇಲ್ಲೇ ಇಳಸ್ರಿ."

"ವೈನೀ, ವಿಸಾವಾ ಇನ್ನೂ ಮುಂದೈತಲ್ಲ," ಎಂದ ಅಂಬರೀಶ, ಹೆಗಲು ಬದಲಿಸುತ್ತ.

"ನನ್ನ ಗಂಡ ಎಲ್ಲಿ ದಣಿವಾರಿಸ್ಕೋಬೇಕು ಅನ್ನೂದು ನನಗ ತಿಳದೈತಿ. ಇಳಸಂದ್ರ ಇಳಸಪಾ."

ಇಳಿಸಿದರು. ಚಂದವ್ವ ಮಗಳತ್ತ ತಿರುಗಿದಳು. ಆ ದಿನ ಮೊದಲ ಸಲ ಅವಳ ಕಣ್ಣು ಪೂರಾ ತೆರೆದಿತ್ತು. "ಹೂಂ. ಹಾಕು. ಮಾರಿ ಏನ್ ನೋಡ್ತಿ? ಇಪ್ಪತ್ತ ವರ್ಸ ಆ ಬೊಟ್ಟ ನಾನೂ ನೋಡೀನಿ."

ಮಲ್ಲಿಕಾಳ ಕೈ ಚೀಲದೊಳಗೆ ಹೋಯಿತು.

"ಯೇ ಕ್ಯಾ ಕರ್ ರಹೀ ಹೋ?" ಎಂದು ರಂಜನ್ ಒಂದು ಹೆಜ್ಜೆ ಮುಂದೆ ಬಂದ. "ನಂಬರ್ ಮುಟ್ಟಬಾರದು."

"ಮಾಸಿತ್ತಪಾ ಅದು," ಎಂದಳು ಚಂದವ್ವ, ಕೂತಲ್ಲಿಂದಲೇ. "ನಮ್ಮನಿಯವರದು ಒಂದs ಒಂದ ಕೆಲಸ ಉಳದಿತ್ತು. ಮಾಡಿಸ್ಕೊಂಡು ಹೊಂಟಾರ."

"ಅಲ್ಲ ಮಾರಾಯಾ," ಎಂದು ರತ್ನಾವತಿ ಕುಂಟುತ್ತ ಬಂದು ಅವನಿಗೂ ಕಂಬಕ್ಕೂ ನಡುವೆ ನಿಂತಳು, "ಕಂಬ ಇಲ್ಲ ಅಂತ ಎರಡು ವರ್ಷ ಹೇಳಿದ್ದು ನೀವೇ ಅಲ್ವಾ? ಈಗ ಕಾಣ್ತದಾ ಇಲ್ವಾ? ಕಂಡರೆ ಬರ್ಕೊಳ್ಳಿ."

ನಗರಪಾಲಿಕೆಯ ಸಾಹೇಬರು ಚಟ್ಟದತ್ತ ನೋಡಿ ಪೆನ್ನು ಬಿಚ್ಚಿದರು.

ಮಲ್ಲಿಕಾ ಹಳದಿಯ ಮೇಲೆ ಉಗುರು ಆಡಿಸಿದಳು, ಒಣಗಿತ್ತು. ತಗಡು ಇಟ್ಟಳು. ಬೊಟ್ಟು ಮೇಲಿತ್ತು. ತೆಗೆದು, ತಿರುಗಿಸಿ, ಮತ್ತೆ ಇಟ್ಟಳು. ಅವಳ ಬೆನ್ನ ಹಿಂದೆ ನಾಲ್ವರು ಚಟ್ಟದ ಸುತ್ತ ಸುತ್ತುತ್ತಿದ್ದರು, ತಲೆಯ ಕಡೆಯವರು ಕಾಲಿಗೆ, ಕಾಲಿನ ಕಡೆಯವರು ತಲೆಗೆ. ಸ್ಪಂಜು ಒತ್ತಿದಳು, ಒಂದು ಸಲ, ಎರಡು ಸಲ, ಅಂಚು ಬಿಡದೆ, ಅವನು ಒತ್ತುತ್ತಿದ್ದ ಹಾಗೆ.

"ಫೋರ್ ನೈಂಟಿ..." ಎಂದು ರಂಜನ್ ಅವಳ ಹೆಗಲ ಮೇಲಿನಿಂದ ಓದತೊಡಗಿದ. ಅವಳು ತಗಡು ತೆಗೆದಳು. "...ಸಿಕ್ಸ್. ಅರೆ, ಮಿಲ್ ಗಯಾ ಸರ್!"

ಚಟ್ಟ ಮೇಲೆದ್ದಿತು. ಕಂಬದ ಮೇಲೆ, ಹಸಿ ಕರಿ ಬಣ್ಣದಲ್ಲಿ, ಹೊರೆ ಇಳಿಸಿ ಒಬ್ಬಳು ಕೂತಿದ್ದಳು.