ಹೊರಗೆ ನಿಂತವರ ಲೆಕ್ಕ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಕಥೆಗಾರನಿಗೆ ತೋಚುತ್ತಿಲ್ಲ. ಶಾಲೆಯ ಉದ್ದನೆಯ ಕಾರಿಡಾರ್, ಓರೆಯಾಗಿ ಬಿದ್ದ ಬಿಸಿಲು, ಗೋಡೆಗೆ ಒರಗಿ ನಿಂತ ಹುಡುಗಿ ಎಂದು ಒಂದು ಪುಟ ಬರೆದ. ಕಥೆಯೊಳಗಿನ ಆ ಹುಡುಗಿಯೇ ಅದನ್ನು ಓದಿ ಮುಖ ಸಿಂಡರಿಸಿದಳು.

"ಬಿಸಿಲು ಯಾಕೆ?"

"ಸ್ವಲ್ಪ ವಾತಾವರಣ ಬೇಡವಾ?"

"ನನಗೆ ಮೈಯೆಲ್ಲ ಉರೀತಿದೆ, ನೀವು ಬಿಸಿಲು ಬರೀತಾ ಕೂತಿದ್ದೀರ. ಕೋಪದಿಂದ ಶುರು ಮಾಡಿ."

ಸರಿ. ಹುಡುಗಿಗೆ ಕೋಪ ಬಂದಿತ್ತು. ಆ ಪುಟ ಕಸದ ಬುಟ್ಟಿಗೆ ಹೋಯಿತು. (ಚೆನ್ನಾಗಿತ್ತು ಕಣ್ರೀ ಆ ಪುಟ. ಇರಲಿ.)

೨

ಹತ್ತನೆಯ ತರಗತಿಯ ಈ ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಯಾಕಮ್ಮ ಎನ್ನುತ್ತಾರೆ. ಏನು ಹೇಳಿದರೂ 'ಯಾಕೆ' ಎನ್ನುವವಳಿಗೆ ಗಣಿತದ ಮೇಷ್ಟ್ರು ಇಟ್ಟ ಹೆಸರು. ಇಟ್ಟ ದಿನ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅವಳೂ ನಕ್ಕಿದ್ದಳು.

ಅವಳ ಬೆಂಚಿನಲ್ಲಿ ಪಕ್ಕದ ಜಾಗ ಈ ವರ್ಷ ಖಾಲಿ. ಅಲ್ಲಿ ಕೂರುತ್ತಿದ್ದವಳನ್ನು ಪಕ್ಕದವಳು ಎಂದೇ ಕರೆಯೋಣ. ಅವಳಿಗೆ ಗಣಿತದ ಮೇಷ್ಟ್ರು ದಿನಾ ಹೇಳುತ್ತಿದ್ದದ್ದು ಒಂದೇ: ಜಾಮಿಟ್ರಿ ಬಾಕ್ಸ್ ತಂದಿಲ್ಲ, ಹೊರಗೆ ನಿಂತ್ಕೋ. ನಗುತ್ತಿದ್ದೀಯ, ಹೊರಗೆ ನಿಂತ್ಕೋ. ಮುಖ ಊದಿಸಿಕೊಂಡಿದ್ದೀಯ, ಹೊರಗೆ ನಿಂತ್ಕೋ. ನಿಂತು ನಿಂತು ಅವಳಿಗೆ ಗಣಿತ ಹೋಯಿತು, ಗಣಿತ ಹೋಗಿ ಪರೀಕ್ಷೆ ಹೋಯಿತು, ಪರೀಕ್ಷೆಯ ಹಿಂದೆಯೇ ಶಾಲೆಯೂ ಹೋಯಿತು. ಈಗ ಬಸ್ ನಿಲ್ದಾಣದ ಹಿಂದಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಹಾಗಿರುವಾಗ ಹೆಡ್‌ಮೇಡಂ ಒಂದು ಹೊಸ ಯೋಜನೆ ತಂದರು. "ಸ್ವತಂತ್ರ ಪ್ರಾಜೆಕ್ಟ್! ವಿಷಯ ನಿಮ್ಮದೇ, ಪ್ರಶ್ನೆ ನಿಮ್ಮದೇ. ಇಂಟರ್ನೆಟ್‌ನಿಂದ ಇಳಿಸಿದ್ದು ಬೇಡ, ನಿಮ್ಮ ತಲೆಯಿಂದ ತನ್ನಿ," ಎಂದು ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕಮ್ಮ ಒಬ್ಬಳೇ ಅದನ್ನು ನಂಬಿಬಿಟ್ಟಳು.

೩

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಲೇ ಸಲಹೆ ಕೊಟ್ಟರು. "ಜ್ವಾಲಾಮುಖಿ ಮಾಡೇ. ಸೋಡಾ ಹಾಕು, ವಿನೆಗರ್ ಹಾಕು. ಬುಸ್ ಅನ್ನುತ್ತೆ, ಮಾರ್ಕ್ಸ್ ಕೊಡ್ತಾರೆ."

"ಅದಕ್ಕೂ ನನಗೂ ಏನಮ್ಮ ಸಂಬಂಧ?"

"ಇಬ್ಬರಿಗೂ ಬುಸ್ ಅನ್ನೋದು ಬರುತ್ತಲ್ಲ."

ಯಾಕಮ್ಮ ತನ್ನ ಪ್ರಶ್ನೆಯನ್ನು ವಿಜ್ಞಾನದ ಮಿಸ್ ಹತ್ತಿರ ಒಯ್ದಳು. ಮಿಸ್ ಚಿಕ್ಕ ವಯಸ್ಸಿನವರು, ಕೆಲಸ ಇನ್ನೂ ಕಾಯಂ ಆಗಿಲ್ಲ. ಹಾಳೆಯ ಮೇಲೆ 'ಗಣಿತದ ಮೇಷ್ಟ್ರು ಯಾಕೆ ಇಷ್ಟು ದುಷ್ಟರು?' ಎಂದಿತ್ತು.

"ಇದು ಪ್ರಶ್ನೆ ಅಲ್ಲಮ್ಮ, ಬೈಗುಳ," ಎಂದರು ಮಿಸ್.

ಮರುದಿನ ತಿದ್ದಿ ತಂದಳು: 'ಹೊರಗೆ ನಿಲ್ಲಿಸುವುದರಿಂದ ಮಕ್ಕಳು ಹಾಳಾಗುತ್ತಾರೆ.'

"ಇದು ತೀರ್ಪು. ಉತ್ತರ ಆಗಲೇ ಕೈಯಲ್ಲಿದ್ದರೆ ಹುಡುಕೋದು ಯಾಕೆ?"

ಯಾಕೆ ಎಂದು ಇನ್ನೊಬ್ಬರಿಂದ ಕೇಳಿಸಿಕೊಂಡು ಅವಳಿಗೆ ರೂಢಿಯಿರಲಿಲ್ಲ. ರೇಗಿತು. ಆದರೂ ಕೂತು ಬರೆದಳು. ಕೊನೆಗೆ ಉಳಿದದ್ದು ಇಷ್ಟು: 'ತರಗತಿಯಿಂದ ಹೊರಗೆ ಕಳಿಸಿದವರಿಗೆ ಆ ದಿನದ ಪಾಠ ಎಷ್ಟು ತಲುಪುತ್ತದೆ?' ಒಳಗಿದ್ದವರಿಗೂ ಹೊರಗಿದ್ದವರಿಗೂ ಮರುದಿನ ಒಂದೇ ಲೆಕ್ಕ ಕೊಡುವುದು. ಒಪ್ಪಿದವರನ್ನು ಮಾತ್ರ ಕೇಳುವುದು. ಮಕ್ಕಳ ಹೆಸರು ಬರೆಯುವಂತಿಲ್ಲ, ಮೇಷ್ಟ್ರ ಹೆಸರನ್ನೂ ಬರೆಯುವಂತಿಲ್ಲ. ಈ ಕೊನೆಯ ಮಾತಿಗೆ ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು.

"ಹೊರಗಿದ್ದವರೂ ಲೆಕ್ಕ ಸರಿಯಾಗಿ ಮಾಡಿಬಿಟ್ಟರೆ, ಮಿಸ್?"

"ಹಾಗಂತಲೇ ಬರೀಬೇಕು."

ಹೊಟ್ಟೆಯಲ್ಲಿ ಬೆಂಕಿಯಿದ್ದರೂ ಹಾಳೆಯ ಮೇಲೆ ಒಂದು ಕಿಡಿಯೂ ಕಾಣದಂತೆ ಬರೆದಿದ್ದಳು. ಅದಕ್ಕಾಗಿ ಅವಳಿಗೆ ಹೆಮ್ಮೆಯಾಯಿತು.

೪ (ಹರಿದು ಹಾಕಿದ್ದು)

ಹೆಡ್‌ಮೇಡಂ ಕೋಣೆಯಲ್ಲಿ ವಿಜ್ಞಾನದ ಮಿಸ್ ಎದ್ದು ನಿಂತು, "ಈ ಪ್ರಾಜೆಕ್ಟಿನ ಹೊಣೆ ನನ್ನದು!" ಎಂದು ಗುಡುಗಿದರು.

"ಗುಡುಗಲಿಲ್ಲ," ಎಂದಳು ಯಾಕಮ್ಮ.

"ಓದೋರಿಗೆ ಒಬ್ಬರಾದರೂ ಒಳ್ಳೆಯವರು ಬೇಕಮ್ಮ," ಎಂದ ಕಥೆಗಾರ.

"ಅವರು ಒಳ್ಳೆಯವರೇ. ಆದ್ರೆ ಬಾಯಿ ಬಿಡಲಿಲ್ಲ. ಎರಡನ್ನೂ ಬರೀರಿ."

೪ (ನಡೆದದ್ದು)

ಮೇಜಿನ ಆಚೆ ಮೂವರು: ನಡುವೆ ಹೆಡ್‌ಮೇಡಂ, ಆ ಪಕ್ಕ ಗಣಿತದ ಮೇಷ್ಟ್ರು, ಈ ಪಕ್ಕ ವಿಜ್ಞಾನದ ಮಿಸ್. ಅನುಮತಿ ಕೇಳಲು ಬಂದ ಯಾಕಮ್ಮ ನಿಂತೇ ತನ್ನ ಯೋಜನೆ ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಹೊರಗೆ ನಿಂತವರಿಗೂ ನನ್ನ ಪಾಠ ಕೇಳಿಸುತ್ತೆ. ನನ್ನ ಗಂಟಲು ಅಷ್ಟು ಗಟ್ಟಿ ಇದೆ."

"ಹಾಗಾದ್ರೆ ಪರೀಕ್ಷೆ ಮಾಡೋಣ ಸರ್. ಕೇಳಿಸಿದರೆ ಕೇಳಿಸುತ್ತೆ ಅಂತ ಬರೀತೀನಿ."

"ನೋಡಿದ್ರಾ ಮೇಡಂ, ಮಾತು ಹೇಗಿದೆ!"

ಹೆಡ್‌ಮೇಡಂ ನಕ್ಕರು. "ಸ್ವತಂತ್ರ ಅಂದ್ರೆ ಮನಸ್ಸಿಗೆ ಬಂದದ್ದೆಲ್ಲ ಅಂತಲ್ಲ, ಮಗು. ತಲೆಬರಹ ಸ್ವಲ್ಪ ಬದಲಾಯಿಸು. 'ತರಗತಿಯಲ್ಲಿ ಶಿಸ್ತಿನ ಮಹತ್ವ' ಅಂತ ಮಾಡು. ಚಾರ್ಟ್ ಬಿಡಿಸು. ಪ್ರದರ್ಶನದಲ್ಲಿ ಮುಂದಿನ ಸಾಲಲ್ಲೇ ಇಡಿಸ್ತೀನಿ."

"ಅದು ನನ್ನ ಪ್ರಶ್ನೆ ಅಲ್ಲ ಮೇಡಂ. ನಮ್ಮದೇ ಪ್ರಶ್ನೆ ತನ್ನಿ ಅಂತ ನೀವೇ ಹೇಳಿದ್ರಿ."

ನಗು ಆರಿತು. "ನಾವು ಮಾತಾಡಿಕೊಳ್ತೀವಿ. ನೀನು ಸ್ವಲ್ಪ ಹೊರಗೆ ನಿಂತ್ಕೋ."

ಅವಳು ಹೊರಗೆ ಬಂದಳು. ಹಿಂದೆ ಬಾಗಿಲು ಮುಚ್ಚಿತು. ಒಳಗೆ ಮೇಷ್ಟ್ರ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಪದವೂ ಬಿಡಿಸಿ ಕೇಳಿಸಲಿಲ್ಲ. ತನ್ನ ವಿಷಯವನ್ನೇ ಅಲ್ಲಿ ತೀರ್ಮಾನಿಸುತ್ತಿದ್ದಾರೆ, ತಾನಿಲ್ಲಿ ಬಾಗಿಲಿನ ಬಣ್ಣ ನೋಡುತ್ತ ನಿಂತಿದ್ದೇನೆ. ಕಿವಿ ಬಿಸಿಯಾದವು. ಅಳು ಬಂದೀತೆಂದುಕೊಂಡಳು, ಬರಲಿಲ್ಲ. ಬಾಗಿಲು ತಳ್ಳಿದಳು.

"ಕ್ಷಮಿಸಿ ಮೇಡಂ. ನಾನು ಕಿವಿಗೊಟ್ಟು ಕೇಳಿದೆ. ಒಂದು ಪದವೂ ತಿಳೀಲಿಲ್ಲ. ಸರ್ ದನಿ ಕೇಳಿಸ್ತು, ಮಾತು ಕೇಳಿಸಲಿಲ್ಲ. ಇದನ್ನ ಬರ್ಕೋಬಹುದಾ?"

ಮಿಸ್ ಮೇಜಿನ ಅಂಚನ್ನೇ ನೋಡುತ್ತಿದ್ದರು. ಮೇಷ್ಟ್ರ ಮುಖ ಕೆಂಪಾಯಿತು. ಹೆಡ್‌ಮೇಡಂ ಅವಳ ಹಾಳೆಯನ್ನು ಮಡಚಿ ಅವಳ ಕೈಗೇ ಕೊಟ್ಟರು. "ಅನುಮತಿ ಇಲ್ಲ. ಜ್ವಾಲಾಮುಖಿ ಗುಂಪಿಗೆ ಸೇರಿಕೋ."

೫

ಇಲ್ಲಿಗೆ ಒಂದು ಮುಕ್ತಾಯ ಬೇಕು. ಕಥೆಗಾರನ ಜೋಳಿಗೆಯಲ್ಲಿ ಕೆಲವು ಸಿದ್ಧವಾಗಿವೆ. ಗಣಿತದ ಮೇಷ್ಟ್ರು ಮನೆಯಲ್ಲಿ ತಮ್ಮ ಮಗಳ ಮುಖ ನೋಡಿ ಕರಗುತ್ತಾರೆ.

"ಕರಗಲ್ಲ."

ಯಾರೋ ವಿಡಿಯೋ ಮಾಡಿ ಹಾಕುತ್ತಾರೆ, ಜಗತ್ತೇ ಯಾಕಮ್ಮನ ಪರ ನಿಲ್ಲುತ್ತದೆ.

"ಎಷ್ಟು ಹೊತ್ತು?"

ಅವಳು ಜ್ವಾಲಾಮುಖಿಯಲ್ಲಿ ಸೋಡಾ ಹೆಚ್ಚು ಸುರಿದು ಹೆಡ್‌ಮೇಡಂ ಸೀರೆಯನ್ನು...

ಇದಕ್ಕೆ ಅವಳು ತುಸು ಯೋಚಿಸಿದಳು. ಆಮೇಲೆ ಬೇಡವೆಂದು ತಲೆಯಾಡಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಕಥೆಗಾರ ಏದುಸಿರು ಬಿಡುತ್ತ ಹಿಂದೆ ಓಡಿದ.

೬

ಜೆರಾಕ್ಸ್ ಅಂಗಡಿಯಲ್ಲಿ ಪಕ್ಕದವಳು ಮಷೀನಿನ ಮುಚ್ಚಳ ತೆರೆದು, ಸಿಕ್ಕಿಕೊಂಡ ಕಾಗದವನ್ನು ಎಳೆಯುತ್ತಿದ್ದಳು. ಯಾಕಮ್ಮ ಹಾಳೆ ಚಾಚಿ, "ಒಂದು ಕಾಪಿ ಹಾಕು. ಅವರು ಬೇಡ ಅಂದ್ರು," ಎಂದಳು.

ಪಕ್ಕದವಳು ಹಾಳೆಯನ್ನು ಮಷೀನಿಗೆ ಇಡಲಿಲ್ಲ. ನಿಂತಲ್ಲೇ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇದರಲ್ಲಿ ನಾನೆಲ್ಲಿದ್ದೀನಿ?"

"ಹೆಸರು ಹಾಕೋ ಹಾಗಿಲ್ಲ."

"ಹೆಸರಲ್ಲ. ನನ್ನನ್ನ ಯಾವತ್ತಾದ್ರೂ ಕೇಳಿದ್ದೀಯಾ? ನಾನು ಹೊರಗೆ ನಿಂತಾಗ ನೀನು ಒಳಗೆ ಕೂತಿದ್ದೆ. ಊರಿಗೆಲ್ಲ ಯಾಕೆ ಯಾಕೆ ಅಂತೀಯ. ಆಗ ಒಂದು ಸಲ ಕೇಳಿದ್ಯಾ?"

ಯಾಕಮ್ಮ ಇಷ್ಟು ದಿನ ಮೇಷ್ಟ್ರ ಕಡೆ ತಿರುಗಿಸಿಟ್ಟಿದ್ದ ಕೋಪ ಸರ್ರನೆ ತನ್ನ ಕಡೆಗೇ ತಿರುಗಿ ನಿಂತಂತಾಯಿತು.

"ಇಲ್ಲ," ಎಂದಳು.

ಗಿರಾಕಿಯೊಬ್ಬರು ಬಂದು ಗುರುತಿನ ಚೀಟಿಯ ನಕಲು ತೆಗೆಸಿಕೊಂಡು ಹೋದರು. ಪಕ್ಕದವಳು ಮಸಿಯಾದ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು.

"ನಾನೀಗ ಆ ಶಾಲೆಯವಳಲ್ಲ. ನನ್ನನ್ನ ಕೇಳೋಕೆ ನಿನಗೆ ಯಾರ ಅನುಮತಿ ಬೇಕು?"

"ಯಾರದ್ದೂ ಬೇಡ."

"ನನ್ನದು ಬೇಕು." ಅವಳ ದನಿ ಇನ್ನೂ ಗಡುಸಾಗಿಯೇ ಇತ್ತು. "ನನ್ನ ಹಾಗೆ ಶಾಲೆ ಬಿಟ್ಟವರು ಇದೇ ಬೀದಿಯಲ್ಲಿ ಇನ್ನೂ ಇದ್ದಾರೆ. ನಿನ್ನ ಹತ್ತಿರ ಮಾತಾಡಿಸ್ತೀನಿ. ಆದ್ರೆ ಮೊದಲು ಹೇಳು, ಇದನ್ನೆಲ್ಲ ಬರ್ಕೊಂಡು ಏನು ಮಾಡ್ತೀಯ? ಚಾರ್ಟ್ ಮಾಡಿ ಗೋಡೆಗೆ ಅಂಟಿಸ್ತೀಯಾ?"

ಕಥೆಗಾರ ಮುಂದೆ ಬಾಗಿ ಯಾಕಮ್ಮನ ಕಿವಿಯಲ್ಲಿ ಒಂದು ಒಳ್ಳೆಯ ಉತ್ತರ ಪಿಸುಗುಟ್ಟಿದ. (ನಿಜಕ್ಕೂ ಒಳ್ಳೆಯದು, ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನೀವೂ ಪುಸ್ತಕ ಮಡಚಿ ಮಲಗುತ್ತಿದ್ದಿರಿ.) ಅವಳು ನೊಣ ಓಡಿಸುವಂತೆ ಕೈ ಬೀಸಿದಳು.

"ಗೊತ್ತಿಲ್ಲ ಕಣೇ. ಇನ್ನೂ ಗೊತ್ತಿಲ್ಲ."

ಪಕ್ಕದವಳು ಕಾಲಿನಿಂದ ಸ್ಟೂಲನ್ನು ಅವಳ ಕಡೆ ತಳ್ಳಿದಳು.

"ಕೂತ್ಕೋ. ಕೇಳು. ನಡುವೆ ಬಾಯಿ ಹಾಕಿದ್ರೆ ನೋಡು!"